ಮನೆ ಕಂಪ್ಯೂಟರ್‌ನಲ್ಲಿ ಫೈಲ್ ಸರ್ವರ್ ಹಾಕ್ತೀರಾ? ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ ಮೊದ್ಲು

ಎಲ್ರಿಗೂ ನಮಸ್ಕಾರ. ಮನೆ ಕಂಪ್ಯೂಟರ್‌ನಲ್ಲಿರೋ ಫೈಲ್ಸ್ ಹೊರಗಡೆ ಇದ್ದಾಗ್ಲೂ ಸಿಗ್ಬೇಕು, ಅದಕ್ಕೊಂದು ಸರ್ವರ್ ಹಾಕೋಣ ಅಂತ ತುಂಬಾ ಜನ ಹೊರಡ್ತಾರೆ. ಹಾಕಿ, ಬೇಡ ಅನ್ನಲ್ಲ. ಆದ್ರೆ ಎಫ್‌ಟಿಪಿ (ಫೈಲ್ ಕಳಿಸೋ ಹಳೇ ಪ್ರೋಟೋಕಾಲ್, ಅಂದ್ರೆ ಕಂಪ್ಯೂಟರ್‌ಗಳು ಮಾತಾಡೋ ನಿಯಮ) ಹಾಕಿ, ರೌಟರ್‌ನಲ್ಲಿ 21ನೇ ಪೋರ್ಟ್ (ಹೊರಗಿಂದ ಒಳಗೆ ಬರೋ ನಂಬರ್ ಹಾಕಿದ ಬಾಗಿಲು) ಓಪನ್ ಮಾಡಿ, ಆಯ್ತು ನೋಡಿ ಅಂತ ಇವತ್ತಿಗೂ ಹೇಳ್ಕೊಡೋ ವಿಡಿಯೋಗಳಿದಾವಲ್ಲ, ಅವನ್ನ ನೋಡಿದ್ರೆ ನಂಗೆ ಮೈ ಉರಿಯುತ್ತೆ.

ಎಫ್‌ಟಿಪಿ ಹುಟ್ಟಿದ ಕಾಲನೇ ಬೇರೆ. 1971ರಲ್ಲಿ ಅಭಯ್ ಭೂಷಣ್ ಅದರ ಮೊದಲ ಸ್ಪೆಸಿಫಿಕೇಶನ್ ಬರೆದಾಗ ನೆಟ್‌ವರ್ಕ್‌ನಲ್ಲಿ ಇದ್ದಿದ್ದೇ ಕೆಲವು ಕಂಪ್ಯೂಟರ್, ಕಳ್ಳರ ಭಯ ಯಾರಿಗಿತ್ತು? ಹಂಗಾಗಿ ಅದರಲ್ಲಿ ಪಾಸ್‌ವರ್ಡ್ ಕೂಡ ಪೋಸ್ಟ್ ಕಾರ್ಡ್ ಥರ ಬಟಾಬಯಲಲ್ಲೇ ಹೋಗುತ್ತೆ. ನಿಮ್ಮದೇ ನೆಟ್‌ವರ್ಕ್‌ನಲ್ಲಿ ವೈರ್‌ಶಾರ್ಕ್ (ನೆಟ್‌ವರ್ಕ್‌ನಲ್ಲಿ ಹೋಗೋದನ್ನ ತೋರಿಸೋ ಟೂಲ್) ಓಪನ್ ಮಾಡಿ ನೋಡಿ, 'ಪಾಸ್' ಅಂತ ಒಂದು ಲೈನ್, ಪಕ್ಕದಲ್ಲೇ ನಿಮ್ಮ ಪಾಸ್‌ವರ್ಡ್, ಒಂದಕ್ಷರ ಬಿಡದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿನ ಕಿತ್ತು ಹಾಕಿದಾವೆ.

ಬೇಕಾಗಿರೋದು ಎಸ್‌ಎಫ್‌ಟಿಪಿ. ಹೆಸರು ನೋಡಿ ಎಫ್‌ಟಿಪಿಗೇ ಬೀಗ ಹಾಕಿದಾರೆ ಅಂದ್ಕೋಬೇಡಿ, ಇದು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಯಾರೂ ಓದಕ್ಕಾಗದ ಹಾಗೆ ಲಾಗಿನ್ ಆಗೋ ದಾರಿ) ಒಳಗೆ ಓಡೋ ಬೇರೇನೇ ಪ್ರೋಟೋಕಾಲ್. ಎಸ್‌ಎಸ್‌ಎಚ್ ಬಂದಿದ್ದೂ ಇದೇ ಕಾಟಕ್ಕೆ, 1995ರಲ್ಲಿ ಹೆಲ್ಸಿಂಕಿಯ ಟೆಕ್ನಾಲಜಿ ಯೂನಿವರ್ಸಿಟಿ ನೆಟ್‌ವರ್ಕ್‌ನಲ್ಲಿ ಯಾರೋ ಕೂತ್ಕೊಂಡು ಪಾಸ್‌ವರ್ಡ್ ಕದ್ದ ಮೇಲೆ ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ ಇದನ್ನ ಬರೆದ್ರು. ಒಂದೇ ಪೋರ್ಟ್, 22, ಅದರಲ್ಲೇ ಲಾಗಿನ್ನೂ ಆಗುತ್ತೆ ಫೈಲೂ ಹೋಗುತ್ತೆ.

ಇನ್‌ಸ್ಟಾಲ್ ಬಗ್ಗೆ ಮಾತೇ ಬೇಡ. ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್, ಎಸ್‌ಎಫ್‌ಟಿಪಿ ಎರಡೂ ಇರೋ ಸಾಫ್ಟ್‌ವೇರ್) ಸರ್ವರ್ ಪ್ಯಾಕೇಜ್, ವಿಂಡೋಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಒಳಗೆ ಅದೇ, ಮ್ಯಾಕ್‌ನಲ್ಲಿ ಶೇರಿಂಗ್‌ಗೆ ಹೋಗಿ ರಿಮೋಟ್ ಲಾಗಿನ್ ಆನ್. ಅಷ್ಟೇ.

ಎಡವಟ್ಟು ಆಗೋದು ಆಮೇಲೆ. 22 ಪೋರ್ಟ್ ಇಂಟರ್ನೆಟ್‌ಗೆ ತೆರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು ಲಾಗ್ ನೋಡಿ, ರೂಟ್, ಅಡ್ಮಿನ್, ಟೆಸ್ಟ್, ನಿಮ್ಮ ಮಷಿನ್‌ನಲ್ಲಿ ಇಲ್ಲದೇ ಇರೋ ಹೆಸರುಗಳಲ್ಲೆಲ್ಲಾ ಫೇಲ್ಡ್ ಪಾಸ್‌ವರ್ಡ್ ಅಂತ ಸಾಲು ಸಾಲು ಬಿದ್ದಿರುತ್ತೆ. ಯಾರೋ ನಿಮ್ಮ ಮೇಲೆ ಹಗೆ ಇಟ್ಕೊಂಡಿದಾರೆ ಅಂತಲ್ಲ, ಬಾಟ್‌ಗಳು ಕಂಡ ಕಂಡ ಅಡ್ರೆಸ್‌ಗೆಲ್ಲಾ ಹೀಗೇ ಬಾಗಿಲು ಬಡೀತಾ ಇರ್ತಾವೆ. ಪೋರ್ಟ್ ನಂಬರ್ ಬದಲಾಯಿಸಿದ್ರೆ ಲಾಗ್‌ನಲ್ಲಿ ಗಲಾಟೆ ಕಮ್ಮಿ ಆಗುತ್ತೆ ನಿಜ, ಆದ್ರೆ ಅದನ್ನ ಸೆಕ್ಯುರಿಟಿ ಅಂತ ಕರೀಬೇಡಿ ದಯವಿಟ್ಟು.

ಪಾಸ್‌ವರ್ಡ್ ಬದಲು ಕೀ ಹಾಕಿ, ಅಂದ್ರೆ ಒಂದು ಜೋಡಿ ಫೈಲ್, ಪ್ರೈವೇಟ್ ಕೀ ನಿಮ್ಮ ಹತ್ರನೇ ಇರುತ್ತೆ, ಪಬ್ಲಿಕ್ ಕೀ ಸರ್ವರ್‌ನಲ್ಲಿ. ಎಸ್‌ಎಸ್‌ಎಚ್-ಕೀಜೆನ್ ಕಮಾಂಡ್‌ನಲ್ಲಿ ಈಡಿ25519 ಅನ್ನೋ ಬಗೆಯ ಕೀ ಮಾಡಿ, ಪಬ್ಲಿಕ್ ಕೀ ಸರ್ವರ್‌ಗೆ ಹಾಕಿ, ಕೀ ಇಂದ ಲಾಗಿನ್ ಆಗ್ತಿದ್ಯಾ ನೋಡ್ಕೊಂಡು, ಆಮೇಲೆ ಸರ್ವರ್‌ನ ಕಾನ್ಫಿಗ್ ಫೈಲ್‌ನಲ್ಲಿ ಪಾಸ್‌ವರ್ಡ್ ಅಥೆಂಟಿಕೇಶನ್ 'ನೋ'. ಈ ಕ್ರಮ ತಪ್ಪಿದ್ರೆ ಹೊರಗಡೆಯಿಂದ ನೀವೇ ಒಳಗೆ ಬರಕ್ಕಾಗಲ್ಲ. ವಿಂಡೋಸ್‌ನೋರಿಗೆ ಇನ್ನೊಂದು ತಲೆನೋವು, ನಿಮ್ಮದು ಅಡ್ಮಿನ್ ಅಕೌಂಟ್ ಆದ್ರೆ ಸರ್ವರ್ ನಿಮ್ಮ ಯೂಸರ್ ಫೋಲ್ಡರ್‌ನ ಕೀ ಓದೋದೇ ಇಲ್ಲ, ಪ್ರೋಗ್ರಾಂಡೇಟಾ ಒಳಗಿರೋ ಬೇರೆ ಫೈಲ್‌ನಲ್ಲಿ ಹುಡುಕುತ್ತೆ. ಇದನ್ನ ಯಾಕಾದ್ರೂ ಹೀಗಿಟ್ರೋ.

ಫ್ರೆಂಡ್‌ಗೆ ಒಂದೇ ಫೋಲ್ಡರ್ ಕೊಡಕ್ಕೆ ಲಿನಕ್ಸ್‌ನಲ್ಲಿ ಕ್ರೂಟ್ (ಯೂಸರ್‌ನ ಒಂದು ಫೋಲ್ಡರ್ ಒಳಗೇ ಕೂಡಿಹಾಕೋ ಸೌಲಭ್ಯ) ಇದೆ. ಆ ಫೋಲ್ಡರೂ ಅದರ ಮೇಲಿರೋ ಎಲ್ಲಾ ಫೋಲ್ಡರೂ ರೂಟ್ (ಲಿನಕ್ಸ್‌ನ ಮುಖ್ಯ ಅಡ್ಮಿನ್) ಹೆಸರಲ್ಲೇ ಇರ್ಬೇಕು, ಬೇರೆಯವರಿಗೆ ರೈಟ್ ಪರ್ಮಿಷನ್ ಇರಬಾರದು, ಇಲ್ಲಾಂದ್ರೆ ಲಾಗಿನ್ ಆದ ತಕ್ಷಣ ಕನೆಕ್ಷನ್ ಕಟ್. ಕಾರಣ ಆ ಕಡೆಯವರಿಗೆ ಕಾಣಲ್ಲ, ಸರ್ವರ್ ಲಾಗ್‌ನಲ್ಲಿ ಮಾತ್ರ ಇರುತ್ತೆ. ಅಪ್‌ಲೋಡ್ ಮಾಡಕ್ಕೆ ಒಳಗೊಂದು ಫೋಲ್ಡರ್ ಮಾಡಿ ಅದನ್ನ ಅವರ ಹೆಸರಿಗೆ ಬರೆದುಕೊಡಿ.

ಇನ್ನು ಬಳಸೋದು ನೀವೊಬ್ರೇ ಅಂದ್ರೆ, ನನ್ನ ಕೇಳಿದ್ರೆ ಪೋರ್ಟ್ ಓಪನ್ ಮಾಡೋದೇ ಬೇಡ. ರೌಟರ್‌ನಲ್ಲಿ ತೋರಿಸೋ ಹೊರಗಿನ (ವ್ಯಾನ್) ಐಪಿ ಅಡ್ರೆಸ್ 100.64ರಿಂದ 100.127ರ ಒಳಗೆ ಇದ್ರೆ ನೀವು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿನ ತುಂಬಾ ಮನೆಗಳಿಗೆ ಹಂಚೋ ವ್ಯವಸ್ಥೆ) ಹಿಂದೆ ಇದೀರ ಅಂತ, ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ (ರೌಟರ್‌ನಲ್ಲಿ ಪೋರ್ಟ್ ಓಪನ್) ಮಾಡಿದ್ರೂ ಹೊರಗಿನಿಂದ ಬರಕ್ಕಾಗಲ್ಲ. ಟೇಲ್‌ಸ್ಕೇಲ್ (ನಿಮ್ಮ ಡಿವೈಸ್‌ಗಳನ್ನ ಖಾಸಗಿ ನೆಟ್‌ವರ್ಕ್‌ನಲ್ಲಿ ಸೇರಿಸೋ ವಿಪಿಎನ್ ಆ್ಯಪ್) ಹಾಕ್ಕೊಳ್ಳಿ, ಎರಡು ಕಡೆನೂ ಲಾಗಿನ್ ಆಗಿ, ಅದು ಕೊಡೋ ಐಪಿಗೆ ಫೈಲ್‌ಜಿಲ್ಲಾ ಅನ್ನೋ ಫೈಲ್ ಕಳಿಸೋ ಆ್ಯಪ್ ಇಂದ ಎಸ್‌ಎಫ್‌ಟಿಪಿ ಕನೆಕ್ಟ್ ಮಾಡಿ. ರೌಟರ್ ಮುಟ್ಟೋ ಕೆಲಸನೇ ಇಲ್ಲ.