ಸರ್ಕಾರ, ಕಂಪನಿ ಕೈಜೋಡಿಸಿದರೆ ಊರಿಗೆ ಏನು ಸಿಗುತ್ತದೆ?

[ದೃಶ್ಯ: ಬಳ್ಳಾರಿ ರಸ್ತೆ, ಅರಮನೆ ಮೈದಾನದ ಗೇಟು]

ನಮಸ್ಕಾರ. 2025ರ ಫೆಬ್ರವರಿಯಲ್ಲಿ ಇಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ, 'ಇನ್ವೆಸ್ಟ್ ಕರ್ನಾಟಕ' ಸಮಾವೇಶ ನಡೆಯಿತು. ಮುಗಿಯುವ ಹೊತ್ತಿಗೆ ಸರ್ಕಾರ ಹೇಳಿದ ಹೂಡಿಕೆಯ ಮೊತ್ತ 10.27 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಹುಪಾಲು ಬೆಂಗಳೂರಿನ ಹೊರಗೆ ಹೋಗುತ್ತದೆ ಎಂದೂ ಹೇಳಿತು.

ಇಷ್ಟು ದೊಡ್ಡ ಮೊತ್ತ ಕೇಳಿದಾಗ ನಮ್ಮಲ್ಲಿ ಎರಡು ಥರದ ಜನ ಕಾಣುತ್ತಾರೆ. 'ಊರು ಉದ್ಧಾರ ಆಯಿತು' ಅನ್ನುವವರು, 'ಎಲ್ಲಾ ಸುಮ್ನೆ' ಅನ್ನುವವರು. ಈ ವಿಡಿಯೋದಲ್ಲಿ ಮೂರನೇ ದಾರಿ ಹಿಡಿಯೋಣ. ಸರ್ಕಾರ ಮತ್ತು ಕೈಗಾರಿಕೆ ಸೇರಿ ಒಂದು ಕೆಲಸ ಮಾಡುವಾಗ ಯಾರು ಏನು ಹಾಕುತ್ತಾರೆ, ಕೆಟ್ಟರೆ ಯಾರು ಕಳೆದುಕೊಳ್ಳುತ್ತಾರೆ, ಸುತ್ತಲಿನ ಊರಿನವರ ಕೈಗೆ ಏನು ಬರುತ್ತದೆ? ಈ ಲೆಕ್ಕ ಹಾಕಿದರೆ ಒಳ್ಳೆಯ ಒಪ್ಪಂದ ಯಾವುದು, ಕೆಟ್ಟ ಒಪ್ಪಂದ ಯಾವುದು ಅಂತ ನಾವೇ ಹೇಳಬಹುದು.

[ಸ್ಕ್ರೀನ್ ಮೇಲೆ: ಒಪ್ಪಂದ → ಅನುಮತಿ → ಜಮೀನು → ಕಟ್ಟಡ → ಕೆಲಸ]

ಮೊದಲು ಆ 10.27 ಲಕ್ಷ ಕೋಟಿ. ಅದರಲ್ಲಿ ತುಂಬಾ ಭಾಗ ಎಂಒಯು, ಅಂದರೆ ಬರೆದುಕೊಂಡ ಉದ್ದೇಶ. ತಾಂಬೂಲ ಬದಲಾಯಿಸಿಕೊಂಡ ಹಾಗೆ. ಮದುವೆ ಇನ್ನೂ ಆಗಬೇಕು. ಅದಾದ ಮೇಲೆ ಯೋಜನೆ 'ಏಕಗವಾಕ್ಷಿ' ಸಮಿತಿಯ ಮುಂದೆ, ಅಂದರೆ ಅನುಮತಿಗಳನ್ನು ಒಂದೇ ಕಡೆ ನೋಡುವ ಸಮಿತಿಯ ಮುಂದೆ ಹೋಗಬೇಕು. 15 ಕೋಟಿ ರೂಪಾಯಿವರೆಗಿನ ಯೋಜನೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ, 500 ಕೋಟಿವರೆಗೆ ಕೈಗಾರಿಕಾ ಸಚಿವರ ಸಮಿತಿಗೆ, ಅದಕ್ಕಿಂತ ದೊಡ್ಡದು ಮುಖ್ಯಮಂತ್ರಿಗಳ ಸಮಿತಿಗೆ. ಆಮೇಲೆ ಜಮೀನು, ಕರೆಂಟು, ನೀರು, ಕಟ್ಟಡ. ಕೊನೆಗೆ ಕೆಲಸ. ಪೇಪರಿನಲ್ಲಿ ಒಪ್ಪಂದದ ದಿನ ದೊಡ್ಡ ಸುದ್ದಿ ಬರುತ್ತದೆ. ಕಾರ್ಖಾನೆ ಶುರುವಾದ ದಿನ ಒಳಪುಟದಲ್ಲಿ ಚಿಕ್ಕದಾಗಿ ಬರುತ್ತದೆ. ನಾವು ಗಮನ ಇಡಬೇಕಾದದ್ದು ಆ ಎರಡನೇ ಸುದ್ದಿಯ ಮೇಲೆ.

[ದೃಶ್ಯ: ಶಿವನಸಮುದ್ರದ ಹಳೆಯ ವಿದ್ಯುತ್ ಕೇಂದ್ರ]

ಈ ಜೊತೆಗಾರಿಕೆ ಐಟಿ ಕಾಲದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ, ನಮ್ಮಲ್ಲಿ ಇದಕ್ಕೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆಯುವ ಯೋಜನೆ ಹಾಕಿತು. ಅಷ್ಟು ಖರ್ಚು ಮಾಡಿ ತೆಗೆದ ಕರೆಂಟನ್ನು ಕೊಳ್ಳುವವರು ಯಾರು? ಮನೆಗಳಲ್ಲಿ ಆಗ ಬಲ್ಬೇ ಇರಲಿಲ್ಲ. ಕೊಳ್ಳಲು ಒಪ್ಪಿದ್ದು ಕೋಲಾರದ ಚಿನ್ನದ ಗಣಿಗಳು. ಆ ಗಿರಾಕಿ ಸಿಕ್ಕಿದ್ದರಿಂದಲೇ ಸರ್ಕಾರ ಧೈರ್ಯ ಮಾಡಿತು. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ಕೊಟ್ಟರು. ಮೂರು ವರ್ಷದ ನಂತರ, 1905ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಬೀದಿಗೂ ದೀಪ ಬಂತು.

ನನಗೆ ಈ ಕಥೆ ತುಂಬಾ ಇಷ್ಟ. ಸರ್ಕಾರ ಬಂಡವಾಳ ಹಾಕಿತು. ಕಂಪನಿ ಕೊಳ್ಳುತ್ತೇನೆ ಎಂದು ಮಾತು ಕೊಟ್ಟಿತು. ಕಟ್ಟಿದ್ದು ಗಣಿಗೆ ಮಾತ್ರ ಉಳಿಯಲಿಲ್ಲ, ಊರಿಗೂ ಬಂತು.

ಹೀಗೇ ಜಮ್‌ಶೆಟ್‌ಜಿ ಟಾಟಾ ಅವರ ಹಣ, ಮೈಸೂರು ಸಂಸ್ಥಾನದ ಸುಮಾರು 370 ಎಕರೆ ಜಾಗ ಸೇರಿ 1909ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್.

[ದೃಶ್ಯ: ಪೀಣ್ಯ ಎರಡನೇ ಹಂತ, ಚಿಕ್ಕ ಶೆಡ್ಡುಗಳ ಸಾಲು]

ಆಮೇಲೆ ಸರ್ಕಾರಿ ಕಾರ್ಖಾನೆಗಳಾದ ಐಟಿಐ (ಟೆಲಿಫೋನ್ ಮಾಡುವ ಕಂಪನಿ), ಎಚ್‌ಎಂಟಿ, ಬಿಇಎಲ್ ಬಂದವು. ಇವಕ್ಕೆ ಬೇಕಾದ ಚಿಕ್ಕಪುಟ್ಟ ಭಾಗ ಮಾಡಿಕೊಡಲು ನೂರಾರು ವರ್ಕ್‌ಶಾಪ್‌ಗಳು ಹುಟ್ಟಿಕೊಂಡವು. ಪೀಣ್ಯ ಬೆಳೆದದ್ದು ಹೀಗೆ.

ಪೀಣ್ಯದ ಒಂದು ಶೆಡ್ಡಿಗೆ ಹೋಗಿ ನೋಡಿ. ಎರಡು ಸಿಎನ್‌ಸಿ ಮೆಷಿನ್, ಒಂದು ಹಳೆಯ ಲೇತ್, ಮೂಲೆಯಲ್ಲಿ ಕೂಲೆಂಟ್ ವಾಸನೆ ಹೊಡೆಯುವ ಲೋಹದ ಚೂರಿನ ರಾಶಿ. ದೊಡ್ಡ ಕಂಪನಿಯಿಂದ ಒಂದು ಡ್ರಾಯಿಂಗ್ ಬರುತ್ತದೆ. 'ಇದು ಇಷ್ಟು ಮೈಕ್ರಾನ್ ಒಳಗೆ ಇರಬೇಕು' ಎಂದು ಅದರಲ್ಲಿ ಬರೆದಿರುತ್ತದೆ. ಭಾಗ ಮಾಡುವುದು ಕಷ್ಟವಿಲ್ಲ, ಅಷ್ಟು ಸೂಕ್ಷ್ಮವಾಗಿ ಅಳೆದು ತೋರಿಸುವುದೇ ಕಷ್ಟ. ಅದಕ್ಕೆ ಬೇಕಾದ ಸಿಎಂಎಂ ಎಂಬ ಅಳತೆಯ ಮೆಷಿನ್ ಎಂಟು ಜನ ಕೆಲಸ ಮಾಡುವ ಶೆಡ್ಡಿನ ಕೈಗೆ ಎಟುಕುವುದಿಲ್ಲ.

ಜೊತೆಗಾರಿಕೆ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ. ಕೇಂದ್ರ ಸರ್ಕಾರದ ಕ್ಲಸ್ಟರ್ ಯೋಜನೆಯಲ್ಲಿ ಚಿಕ್ಕ ಘಟಕಗಳೆಲ್ಲ ಸೇರಿ ಒಂದು ಸಂಸ್ಥೆ ಮಾಡಿಕೊಳ್ಳಬೇಕು. ಖರ್ಚಿನಲ್ಲಿ ಕಡಿಮೆ ಅಂದರೂ ಶೇ 10 ತಾವೇ ಹಾಕಬೇಕು. ಉಳಿದದ್ದಕ್ಕೆ ಕೇಂದ್ರ, ರಾಜ್ಯ ಸರ್ಕಾರಗಳ ನೆರವು ಇರುತ್ತದೆ. ಅಳತೆಯ ಮೆಷಿನ್, ಟೆಸ್ಟಿಂಗ್ ಲ್ಯಾಬ್, ಟೂಲ್ ರೂಮ್ ಎಲ್ಲರಿಗೂ ಸೇರಿದ್ದಾಗುತ್ತದೆ. ಆ ಶೇ 10 ಇದೆಯಲ್ಲ, ನನ್ನ ಪ್ರಕಾರ ಇಡೀ ಯೋಜನೆಯ ಜೀವ ಅದರಲ್ಲಿದೆ. ತಮ್ಮ ದುಡ್ಡು ಹಾಕಿದವರು ಮೆಷಿನ್ ಕೆಟ್ಟರೆ ಸುಮ್ಮನೆ ಕೂರುವುದಿಲ್ಲ.

ಕೆಲಸ ಕಲಿಸುವುದರಲ್ಲೂ ಹೀಗೆಯೇ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಇದೆ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡುವ ಹುಡುಗ ಹುಡುಗಿಯರು ಮೂರು ವರ್ಷ ಸಂಸ್ಥೆಯಲ್ಲಿ ಕಲಿಯುತ್ತಾರೆ, ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗುವಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಈಚೆಗೆ ರಾಜ್ಯದ 150 ಸರ್ಕಾರಿ ಐಟಿಐ ತರಬೇತಿ ಸಂಸ್ಥೆಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಲಾಗಿದೆ. ಜಾಗ ಸರ್ಕಾರದ್ದು, ಹೊಸ ಮೆಷಿನ್, ಸಾಫ್ಟ್‌ವೇರ್, ತರಬೇತಿ ಕಂಪನಿ ಮತ್ತು ಅದರ ಜೊತೆಗಾರರದ್ದು.

[ದೃಶ್ಯ: ಕೆಂಪೇಗೌಡ ವಿಮಾನ ನಿಲ್ದಾಣದ ರಸ್ತೆ]

ಈಗ ದೊಡ್ಡ ಒಪ್ಪಂದಕ್ಕೆ ಬರೋಣ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಇದನ್ನು ನಡೆಸುವ ಕಂಪನಿಯಲ್ಲಿ ರಾಜ್ಯ ಸರ್ಕಾರದ ಕೈಗಾರಿಕಾ ನಿಗಮ ಕೆಎಸ್‌ಐಐಡಿಸಿಗೆ ಶೇ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇ 13 ಪಾಲು. ಉಳಿದ ಶೇ 74 ಖಾಸಗಿಯವರದ್ದು. ಸುಮಾರು 4,000 ಎಕರೆ ಜಾಗ ರಾಜ್ಯ ಕೊಟ್ಟದ್ದು.

ಕೆಲಸ ಚೆನ್ನಾಗಿಯೇ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಎಚ್‌ಎಎಲ್ ನಿಲ್ದಾಣ ನೋಡಿದವರಿಗೆ ವ್ಯತ್ಯಾಸ ಗೊತ್ತು. ಆದರೆ ಒಪ್ಪಂದದಲ್ಲಿ ಒಂದು ಷರತ್ತಿದೆ. ನಿಲ್ದಾಣ ಶುರುವಾದ ದಿನದಿಂದ 25 ವರ್ಷ, ಸುತ್ತ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮಾಡುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಅಂದರೆ 2033ರವರೆಗೆ ಕಟ್ಟು. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಈ ಸಾಲು ಎದುರಿಗೆ ಬಂದು ನಿಲ್ಲುತ್ತದೆ. ಹಣ ಹಾಕುವವರಿಗೆ ಇಂಥ ಭರವಸೆ ಬೇಕಾಗುತ್ತದೆ, ಅದು ತಪ್ಪಲ್ಲ. ಆದರೆ ಇವತ್ತು ಹಾಕಿದ ಸಹಿ ನಮ್ಮ ಮಕ್ಕಳ ಕಾಲದವರೆಗೂ ಕೈ ಕಟ್ಟುತ್ತದೆ. ಹಾಗಾಗಿ ಷರತ್ತುಗಳನ್ನು ಸಹಿ ಹಾಕುವ ಮೊದಲೇ ಜನರ ಮುಂದೆ ಇಡಬೇಕು. ಇದು ನಾನು ಗಟ್ಟಿಯಾಗಿ ನಂಬುವ ಮಾತು.

[ದೃಶ್ಯ: ಹಳದಿ ಮಾರ್ಗದ ಮೆಟ್ರೊ, ಕೋನಪ್ಪನ ಅಗ್ರಹಾರ ನಿಲ್ದಾಣ]

ಊರಿನ ಇನ್ನೊಂದು ತುದಿಗೆ, ಎಲೆಕ್ಟ್ರಾನಿಕ್ ಸಿಟಿಗೆ ಹೋಗೋಣ. 1970ರ ದಶಕದ ಕೊನೆಯಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಇದನ್ನು ಶುರು ಮಾಡಿತು. ಕನಸು ಕಂಡವರು ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ. ಆಗ ಜಾಗ 332 ಎಕರೆ. ಸಾಫ್ಟ್‌ವೇರ್ ಕಂಪನಿಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಸರ್ಕಾರ ಜಾಗ ಮಾಡಿ ಇಟ್ಟಿತ್ತು.

2013ರಲ್ಲಿ ಇಲ್ಲಿ ಒಂದು ವಿಶೇಷ ವ್ಯವಸ್ಥೆ ಬಂತು. ಎಲ್ಸಿಟಾ ಎಂಬ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ. ಇಲ್ಲಿನ ಕಂಪನಿಗಳು ಆಸ್ತಿ ತೆರಿಗೆಯನ್ನು ಈ ಪ್ರಾಧಿಕಾರಕ್ಕೇ ಕಟ್ಟುತ್ತವೆ. ಆ ದುಡ್ಡಿನಲ್ಲಿ ಇಲ್ಲಿನ ರಸ್ತೆ, ಬೀದಿದೀಪ, ಚರಂಡಿ, ಕಸದ ಕೆಲಸ ನಡೆಯುತ್ತದೆ. ಒಂದು ಪಾಲು ಸುತ್ತಲಿನ ಪಂಚಾಯಿತಿಗಳಿಗೂ ಹೋಗುತ್ತದೆ. ಕಟ್ಟಿದ ತೆರಿಗೆ ಕಣ್ಣೆದುರಿನ ರಸ್ತೆಯಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ?

[ದೃಶ್ಯ: ಟೌನ್‌ಶಿಪ್ ಒಳಗಿನ ಫುಟ್‌ಪಾತ್, ನಂತರ ದೊಡ್ಡತೋಗೂರಿನ ಓಣಿ]

ಆದರೆ ಅಲ್ಲಿಂದ ಹೊರಗೆ ದೊಡ್ಡತೋಗೂರಿನ ಕಡೆ ನಡೆದು ಬನ್ನಿ. ಮೇಲೆ ಮೇಲೆ ಏರಿದ ಪಿಜಿ ಕಟ್ಟಡಗಳು, ಓಣಿಗೆ ಅಡ್ಡ ನಿಂತ ನೀರಿನ ಟ್ಯಾಂಕರ್, ಅದರ ಪಕ್ಕ ಜಾಗ ಮಾಡಿಕೊಂಡು ನುಗ್ಗುವ ಡೆಲಿವರಿ ಹುಡುಗರ ಬೈಕುಗಳು. ಒಳಗೆ ಕೆಲಸ ಮಾಡುವ ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್ ಹೆಂಗಸರು, ಎಂಜಿನಿಯರ್‌ಗಳು ರಾತ್ರಿ ಮಲಗುವುದು ಇಲ್ಲಿ. ಗೇಟಿನ ಒಳಗಿನ ಜೊತೆಗಾರಿಕೆ ಗೇಟಿನ ಹೊರಗೆ ಪೂರ್ತಿ ತಲುಪಿಲ್ಲ. ಇನ್ನೊಂದು ವಿಷಯ, ಟೌನ್‌ಶಿಪ್‌ಗೆ ವಾರ್ಡ್ ಚುನಾವಣೆ ಇಲ್ಲ. ಸಮಿತಿಯಲ್ಲಿ ಇರುವವರು ನೇಮಕವಾದವರು. ಕೆಲಸ ಬೇಗ ಆಗುತ್ತದೆ ನಿಜ, ಆದರೆ ಅಕ್ಕಪಕ್ಕದ ಊರಿನವರಿಗೆ ಅಲ್ಲಿ ಹಿಡಿದು ಕೇಳಲು ಕಾರ್ಪೊರೇಟರ್ ಒಬ್ಬರು ಇಲ್ಲ.

ಮೆಟ್ರೊ ವಿಷಯದಲ್ಲಿ ಒಳ್ಳೆಯದೊಂದು ಆಯಿತು. 2025ರ ಆಗಸ್ಟ್ 10ರಂದು ಶುರುವಾದ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಷನ್ 200 ಕೋಟಿ, ಹೆಬ್ಬಗೋಡಿ ನಿಲ್ದಾಣಕ್ಕೆ ಬಯೋಕಾನ್ 65 ಕೋಟಿ ರೂಪಾಯಿ ಕೊಡಲು ಒಪ್ಪಂದ ಮಾಡಿಕೊಂಡಿದ್ದವು. ನಿಲ್ದಾಣಕ್ಕೆ ಅವರ ಹೆಸರು ಸೇರಿದೆ. ಸೇರಲಿ ಬಿಡಿ. ಅದೇ ಮೆಟ್ಟಿಲು ಹತ್ತಿ ಬೊಮ್ಮಸಂದ್ರದ ಕಾರ್ಖಾನೆಯ ಹೆಣ್ಣುಮಕ್ಕಳೂ ಹೋಗುತ್ತಾರೆ.

[ದೃಶ್ಯ: ಚನ್ನರಾಯಪಟ್ಟಣ ಹೋಬಳಿ, ದ್ರಾಕ್ಷಿ ತೋಟ]

ಈಗ ಎಲ್ಲದಕ್ಕಿಂತ ಕಷ್ಟದ ವಿಷಯ, ಜಮೀನು. ಕೈಗಾರಿಕೆಗೆ ಜಮೀನು ಕೊಡಿಸುವುದು ಕೆಐಎಡಿಬಿ. 1966ರ ಕಾಯ್ದೆಯಿಂದ ಹುಟ್ಟಿದ ಮಂಡಳಿ. ಬೆಂಗಳೂರು ಗ್ರಾಮಾಂತರದ ರೈತರಿಗೆ 'ಇಪ್ಪತ್ತೆಂಟು ಒಂದು' ಅಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಅದು ಆ ಕಾಯ್ದೆಯ 28(1) ಪ್ರಾಥಮಿಕ ಅಧಿಸೂಚನೆ. 28(4) ಬಂದರೆ ಅಂತಿಮ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕ್‌ಗೆ ತೆಗೆದುಕೊಳ್ಳಲು ಹೊರಟಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ನೆಲ. ವಿಮಾನ ನಿಲ್ದಾಣಕ್ಕೆ ಹತ್ತಿರ ಇರುವುದರಿಂದ ಕಂಪನಿಗಳಿಗೂ ಅದೇ ಬೇಕು. ಮೂರು ವರ್ಷ ದಾಟಿದ ಮೇಲೆ, 2025ರ ಜುಲೈ 15ರಂದು, ಸರ್ಕಾರ ಸ್ವಾಧೀನ ಕೈಬಿಟ್ಟಿತು. ಸ್ವಂತ ಇಷ್ಟದಿಂದ ಕೊಡುವವರಿಂದ ಮಾತ್ರ ಕೊಳ್ಳುತ್ತೇವೆ ಎಂದಿತು.

'ರೈತರು ಅಭಿವೃದ್ಧಿಗೆ ಅಡ್ಡ ಬಂದರು' ಅನ್ನುವ ಮಾತು ಆಗ ಬೆಂಗಳೂರಿನಲ್ಲಿ ತುಂಬಾ ಕೇಳಿಬಂತು. ನಾನು ಒಪ್ಪುವುದಿಲ್ಲ. ಸರ್ಕಾರ ಮತ್ತು ಕಂಪನಿ ಇಬ್ಬರೇ ಕೂತು ಮಾತಾಡಿದ ಒಪ್ಪಂದದಲ್ಲಿ ನೆಲ ಕಳೆದುಕೊಳ್ಳುವವರಿಗೆ ಕುರ್ಚಿಯೇ ಇರಲಿಲ್ಲ. ಒಂದು ಸಲ ಪರಿಹಾರ ಕೊಟ್ಟು ಕಳಿಸುವ ಬದಲು, ವರ್ಷ ವರ್ಷ ಬಾಡಿಗೆ ಬರುವ ಹಾಗೆ ಜಮೀನನ್ನು ಲೀಸಿಗೆ ತೆಗೆದುಕೊಳ್ಳಬಹುದು. ಯೋಜನೆಯಲ್ಲಿ ಪಾಲು ಕೊಡಬಹುದು. ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಐಟಿಪಿಎಲ್ ಶುರುವಾದಾಗ ಟಾಟಾ ಶೇ 40, ಸಿಂಗಾಪುರದವರು ಶೇ 40, ಕರ್ನಾಟಕ ಸರ್ಕಾರ ಶೇ 20 ಪಾಲು ಹಂಚಿಕೊಂಡಿದ್ದರು. ಸರ್ಕಾರಕ್ಕೆ ಪಾಲು ಸಿಗುವುದಾದರೆ ಜಮೀನು ಕೊಟ್ಟ ರೈತನಿಗೆ ಯಾಕೆ ಸಿಗಬಾರದು?

[ದೃಶ್ಯ: ಹುಬ್ಬಳ್ಳಿ, ಮೈಸೂರು, ಮಂಗಳೂರಿನ ರಸ್ತೆಗಳು]

ಬೆಂಗಳೂರಿನ ಹೊರಗೆ ಏನು ಅಂತ ಕೇಳುತ್ತೀರಿ. 'ಬಿಯಾಂಡ್ ಬೆಂಗಳೂರು' ಕೆಲಸ ನೋಡಿಕೊಳ್ಳಲು ಕೆಡಿಇಎಂ ಎಂಬ ಸಂಸ್ಥೆ ಇದೆ. ಇದರಲ್ಲಿ ಉದ್ಯಮ ಸಂಘಟನೆಗಳ ಪಾಲು ಶೇ 51, ಸರ್ಕಾರದ್ದು ಶೇ 49. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಭಾಗಕ್ಕೆ ಡಿಜಿಟಲ್ ಉದ್ಯಮ ತರುವುದು ಇದರ ಕೆಲಸ. ಒಳ್ಳೆಯ ಉದ್ದೇಶ. ಹುಬ್ಬಳ್ಳಿಯಲ್ಲಿ ಓದಿದ ಹುಡುಗಿಗೆ ಅಲ್ಲಿಯೇ ಒಳ್ಳೆಯ ಸಂಬಳ ಸಿಕ್ಕರೆ ಭಾನುವಾರ ರಾತ್ರಿ ಸ್ಲೀಪರ್ ಬಸ್ ಹತ್ತಿ ಬರಬೇಕಾಗಿಲ್ಲ.

ಕೆಲಸ ಯಾರಿಗೆ ಅನ್ನುವ ಪ್ರಶ್ನೆ, ಕನ್ನಡಿಗರಿಗೆ ಕೆಲಸದಲ್ಲಿ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ವರದಿಯ ಕಾಲದಿಂದ ಇದೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಮೀಸಲಿನ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮದವರು ವಿರೋಧಿಸಿದ ಮೇಲೆ ತಡೆಹಿಡಿಯಿತು. ಆದರೆ ರಾಜ್ಯದ ಕೈಗಾರಿಕಾ ನೀತಿಯಲ್ಲಿ ಒಂದು ಷರತ್ತು ಮೊದಲಿನಿಂದ ಬಂದಿದೆ: ರಿಯಾಯಿತಿ ಪಡೆದ ಕಂಪನಿ ಶೇ 70 ಕೆಲಸ, ಡಿ ದರ್ಜೆಯಲ್ಲಿ ಪೂರ್ತಿ ಕೆಲಸ ಕನ್ನಡಿಗರಿಗೆ ಕೊಡಬೇಕು. ನನ್ನ ಕೋರಿಕೆ ಇಷ್ಟೇ: ಹೊಸ ಕಾಯ್ದೆ ಬರುವವರೆಗೆ ಕಾಯುವುದು ಬೇಡ. ಜಮೀನು, ಸಬ್ಸಿಡಿ ಪಡೆದ ಪ್ರತಿ ಕಂಪನಿ ಎಷ್ಟು ಜನರಿಗೆ, ಯಾವ ಊರಿನವರಿಗೆ ಕೆಲಸ ಕೊಟ್ಟಿದೆ ಎಂದು ಸರ್ಕಾರ ವರ್ಷಕ್ಕೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಲಿ.

[ದೃಶ್ಯ: ನಿರೂಪಕರು ಕ್ಯಾಮೆರಾ ಎದುರು]

ನಿಮ್ಮ ಜಿಲ್ಲೆಯಲ್ಲೂ ಕೆಐಎಡಿಬಿ ಕೈಗಾರಿಕಾ ಪ್ರದೇಶ ಇರುತ್ತದೆ. ಒಮ್ಮೆ ಹೋಗಿ ನೋಡಿ. ಎಷ್ಟು ಪ್ಲಾಟಿನಲ್ಲಿ ಕಾರ್ಖಾನೆ ನಡೆಯುತ್ತಿದೆ, ಎಷ್ಟರಲ್ಲಿ ಬೇಲಿ ಹಾಕಿ ಜಾಲಿಗಿಡ ಬೆಳೆಸಿದ್ದಾರೆ? ಹಂಚಿಕೆಯಾದ ಜಾಗದಲ್ಲಿ ಗೊತ್ತಾದ ಅವಧಿಯೊಳಗೆ ಘಟಕ ಶುರು ಮಾಡದಿದ್ದರೆ ಅದನ್ನು ವಾಪಸ್ ಪಡೆಯಲು ಮಂಡಳಿಗೆ ಅಧಿಕಾರ ಇದೆ. ಯಾರಿಗೆ, ಯಾವಾಗ, ಯಾವ ದರಕ್ಕೆ ಕೊಟ್ಟರು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು. ಶುಲ್ಕ 10 ರೂಪಾಯಿ. ಉತ್ತರ ಬಂದರೆ ಕೆಳಗೆ ಕಾಮೆಂಟಿನಲ್ಲಿ ಊರಿನ ಹೆಸರಿನ ಜೊತೆ ಬರೆಯಿರಿ. ಜಾಸ್ತಿ ಜನ ಬರೆದ ಜಿಲ್ಲೆಗೆ ನಾವೇ ಕ್ಯಾಮೆರಾ ಹಿಡಿದು ಬರುತ್ತೇವೆ.