ಮಸಿ ತೊಳೆದು ಮನೆಗೆ ಬರುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ 14ರಂದು ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಸಿಬ್ಬಂದಿ ಸಾಲಾಗಿ ನಿಂತು, ತೀರಿಹೋದ ಸಂಗಾತಿಗಳನ್ನು ನೆನೆಯುತ್ತಾರೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಹಡಗಿನ ಒಂದೇ ಉಗ್ರಾಣದಲ್ಲಿ ಹತ್ತಿಯ ಮೂಟೆಗಳೂ ಇದ್ದವು, ಸಿಡಿಮದ್ದೂ ಇತ್ತು. ಸುಮಾರು 900 ಟನ್ ನೀರು ಸುರಿದರು. ದಟ್ಟ ಹೊಗೆಯಲ್ಲಿ ಬೆಂಕಿಯ ಬುಡ ಮಾತ್ರ ಸಿಗಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆ ಕಳೆದು ಇನ್ನೊಮ್ಮೆ. 66 ಅಗ್ನಿಶಾಮಕರು ಮನೆಗೆ ಮರಳಲಿಲ್ಲ.

ಒತ್ತಿ ಕಟ್ಟಿದ ಹತ್ತಿಯೊಳಗಿನ ಕೆಂಡಕ್ಕೆ ನೀರು ತಲುಪುವುದು ಎಷ್ಟು ಕಷ್ಟ ಎನ್ನುವುದು ಶಿರಸಿ, ಮುಂಡಗೋಡ ಕಡೆಯ ಅಗ್ನಿಶಾಮಕರಿಗೆ ಪ್ರತಿ ಬೇಸಿಗೆಯಲ್ಲೂ ಗೊತ್ತಾಗುತ್ತದೆ. ಹುಲ್ಲಿನ ಬಣವೆಯ ಬೆಂಕಿಯೂ ಅದೇ ಜಾತಿಯದು. ಮಳೆನೀರು ಒಳಗೆ ಇಳಿಯದಂತೆ ರೈತ ಜಾಣತನದಿಂದ ಹುಲ್ಲು ಒಟ್ಟಿರುತ್ತಾನೆ. ಆ ಜಾಣತನವೇ ಅಂದು ಎದುರಾಗಿ ನಿಲ್ಲುತ್ತದೆ. ಮೇಲಿಂದ ಎಷ್ಟು ನೀರು ಹೊಡೆದರೂ ಅಂಚಿನಿಂದ ಜಾರಿ ನೆಲ ಸೇರುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಉರಿ ಕಾಣದಾದಾಗ ಬೆಂಕಿ ಆರಿತೆಂದು ಗಾಡಿ ಹೊರಟರೆ, ಗಾಳಿ ಬೀಸಿದ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕೊಕ್ಕೆ ಹಾಕಿ ಪದರ ಪದರವಾಗಿ ಹುಲ್ಲು ಎಳೆದು, ಹರವಿ, ನೆನೆಸಬೇಕು. ಗಂಟೆಗಟ್ಟಲೆಯ ಕೆಲಸ.

ಅಷ್ಟು ಹೊತ್ತಿಗೆ ನೀರೆಲ್ಲಿದೆ? ಗಾಡಿಯ ಟ್ಯಾಂಕು 4,500 ಲೀಟರಿನದಾಗಿದ್ದು, ಒಂದು ಹೋಸ್ ನಿಮಿಷಕ್ಕೆ 450 ಲೀಟರ್ ಉಗುಳಿದರೆ ಹತ್ತೇ ನಿಮಿಷಕ್ಕೆ ಖಾಲಿ. ಆಮೇಲೆ ತೋಟದ ಕೆರೆಯೋ ಬಾವಿಯೋ ಗತಿ. ಪಂಪು ಸಕ್ಷನ್ ಕೊಳವೆಯಿಂದ ನೀರೆತ್ತುವುದು ಹೊರಗಿನ ಗಾಳಿಯ ಒತ್ತಡದ ಬಲದಿಂದ. ಲೆಕ್ಕದ ಪ್ರಕಾರ ಅದರ ಮಿತಿ ಸುಮಾರು 10 ಮೀಟರ್, ಕೆಲಸದಲ್ಲಿ ಸಿಗುವುದು 7 ಮೀಟರಿನಷ್ಟು. ಘಟ್ಟದ ಮೇಲಿನ ಚಿರೆಕಲ್ಲು ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ನೀರು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಪಂಪು ಎಷ್ಟು ಗುಡುಗಿದರೂ ಹನಿ ಬರುವುದಿಲ್ಲ. ಅಲ್ಲಿ ಕೈ ಹಿಡಿಯುವುದು ಆ ಮನೆಯವರದೇ ಬಾವಿಯೊಳಗಿನ ಪಂಪು. ಕೆರೆಯಾದರೆ ಬೇರೆ ಕಾಟ. ದರಕು, ಪಾಚಿ ಹೋಗಿ ಕೊಳವೆಯ ತುದಿಯ ಜಾಲರಿಗೆ ಅಂಟಿಕೊಳ್ಳುತ್ತವೆ, ನೀರು ಸಣ್ಣದಾಗುತ್ತದೆ. ಅನುಭವಿಗಳು ಜಾಲರಿಯನ್ನು ಬುಟ್ಟಿಯೊಳಗೆ ಕಟ್ಟಿ ಇಳಿಸುತ್ತಾರೆ. ತಳದ ಕೆಸರಿಗೆ ತಾಗದಂತೆ, ಮೇಲಿಂದ ಗಾಳಿ ಎಳೆಯದಷ್ಟು ಆಳಕ್ಕೆ. ಇಷ್ಟಾದರೂ ನೀರು ಏರದಿದ್ದರೆ ಮೊದಲು ನೋಡುವುದು ಜೋಡಣೆಯ ವಾಷರನ್ನು. ಎರಡು ರೂಪಾಯಿಯ ರಬ್ಬರ್ ಬಳೆ ಸವೆದಿದ್ದರೆ ಅಲ್ಲಿಂದ ಗಾಳಿ ಸೇರಿ ಇಡೀ ಪಂಪು ಸೋಲುತ್ತದೆ.

ಆದ್ದರಿಂದ ಒಳ್ಳೆಯ ಅಗ್ನಿಶಾಮಕನನ್ನು ಗುರುತಿಸಬೇಕಾದದ್ದು ಬೆಂಕಿಯ ಮುಂದಲ್ಲ, ಬೆಂಕಿ ಆರಿಸಿ ಬಂದ ಮೇಲಿನ ಎರಡು ತಾಸಿನಲ್ಲಿ. ಎಲ್ಲರಿಗೂ ಸುಸ್ತು. ಆದರೂ ಹೋಸ್ ಬಿಚ್ಚಿ ತೊಳೆಯಬೇಕು, ನೇತುಹಾಕಿ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಒದ್ದೆ ಸುತ್ತಿಟ್ಟರೆ ಬೂಸ್ಟು ಹಿಡಿದು ನೂಲು ಕೊಳೆಯುತ್ತದೆ. ಮಡಿಸುವಾಗ ಹಿಂದಿನ ಮಡಿಕೆಯ ಗೆರೆಯಲ್ಲೇ ಮಡಿಸಬಾರದು. ಮುಂದೊಂದು ದಿನ ಒತ್ತಡ ಬಿದ್ದಾಗ ಅಲ್ಲೇ ಒಡೆಯುತ್ತದೆ. ಕಾರವಾರದಲ್ಲಿ ಸಮುದ್ರದ ನೀರು ಎತ್ತಿದ್ದರಂತೂ ಪಂಪಿನೊಳಗೆ ಸಿಹಿನೀರು ಹರಿಸಿ ತೊಳೆಯದೆ ಮಲಗುವಂತಿಲ್ಲ, ಉಪ್ಪು ವಾಲ್ವುಗಳನ್ನು ತಿಂದುಹಾಕುತ್ತದೆ. ಟ್ಯಾಂಕು ಮತ್ತೆ ಕಂಠಮಟ್ಟ ತುಂಬಿಸಬೇಕು. ನೀರೊಂದರ ತೂಕವೇ ನಾಲ್ಕೂವರೆ ಟನ್. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತೊನೆದಾಡುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಆ ತೊನೆತ ಗಾಡಿಯನ್ನೇ ಹೊರಕ್ಕೆ ಎಳೆಯುತ್ತದೆ.

ಹೊಗೆಯೊಳಗೆ ಹೋಗುವವನ ಬೆನ್ನಿನ ಸಿಲಿಂಡರಿನ ಲೆಕ್ಕ ಇನ್ನೂ ಬಿಗಿ. 6 ಲೀಟರಿನ ಸಿಲಿಂಡರ್, 300 ಬಾರ್ ಒತ್ತಡ, ಅಂದರೆ ಸುಮಾರು 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಂದು ಹಿಡಿದರೆ 45 ನಿಮಿಷ. ಆದರೆ ಮೆಟ್ಟಿಲು ಹತ್ತುವಾಗ, ಮನುಷ್ಯನನ್ನು ಹೊತ್ತು ತರುವಾಗ ಉಸಿರು ಅಷ್ಟಕ್ಕೆ ನಿಲ್ಲುವುದಿಲ್ಲ. ಒತ್ತಡ 55 ಬಾರ್‌ನ ಆಸುಪಾಸಿಗೆ ಇಳಿದಾಗ ಸೀಟಿ ಕೂಗುತ್ತದೆ. ಸೀಟಿ ಕೂಗಿದ ಮೇಲೆ ಹೊರಡುವುದಲ್ಲ, ಕೂಗುವ ಮೊದಲೇ ಹೊರಗಿರಬೇಕು. ಹೋದಷ್ಟೇ ದಾರಿ ತಿರುಗಿ ಬರಲಿಕ್ಕೂ ಇದೆಯಲ್ಲ. ಬಾಗಿಲಲ್ಲಿ ಒಬ್ಬ ಹಲಗೆ ಹಿಡಿದು ನಿಂತಿರುತ್ತಾನೆ. ಒಳಗೆ ಹೋದವರ ಹೆಸರು, ಹೋದ ಗಳಿಗೆ, ಸಿಲಿಂಡರಿನ ಒತ್ತಡ, ಹೊರಬರಬೇಕಾದ ಗಳಿಗೆ ಬರೆದುಕೊಳ್ಳುತ್ತಾನೆ. ಬೆಂಕಿಗೆ ನೀರು ಹೊಡೆಯದ ಆ ಒಬ್ಬನ ಕೆಲಸ ಯಾವುದಕ್ಕೂ ಕಡಿಮೆಯಲ್ಲ.

ಹೊಗೆ ಎಂಥದೆಂದು ಕಾರವಾರ ಮರೆಯುವ ಹಾಗಿಲ್ಲ. 2019ರ ಏಪ್ರಿಲ್ 26ರಂದು ಐಎನ್ಎಸ್ ವಿಕ್ರಮಾದಿತ್ಯ ಇಲ್ಲಿನ ಬಂದರು ಪ್ರವೇಶಿಸುತ್ತಿದ್ದಾಗ ಒಳಗಿನ ಒಂದು ವಿಭಾಗದಲ್ಲಿ ಬೆಂಕಿ ಕಾಣಿಸಿತು. ಬೆಂಕಿ ಆರಿಸುವ ತಂಡದ ಮುಂದಾಳಾಗಿ ಹೋದವರು ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣ್. ಬೆಂಕಿ ಹತೋಟಿಗೆ ಬಂತು, ಹಡಗು ಉಳಿಯಿತು. ಹೊಗೆಗೆ ಪ್ರಜ್ಞೆ ತಪ್ಪಿದ ಅವರು ಬದುಕಲಿಲ್ಲ. ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಏಪ್ರಿಲ್ ತಿಂಗಳ ನೆನಪಿನಲ್ಲಿ ಅವರ ಹೆಸರನ್ನೂ ನಾವು ಕೂಡಿಸಿಕೊಳ್ಳಬೇಕು.

ಕರಾವಳಿಯ ಠಾಣೆಗಳಿಗೆ ಇನ್ನೊಂದು ಭಾರ ಹೆದ್ದಾರಿ 66. ಗ್ಯಾಸ್ ಟ್ಯಾಂಕರ್ ಮಗುಚಿದರೆ ಏನಾಗುತ್ತದೆಂದು 2015ರಲ್ಲಿ ಕುಮಟಾ ತಾಲೂಕಿನ ಬರ್ಗಿ ಕಂಡಿದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ಗಟಾರ, ತಗ್ಗು, ಗದ್ದೆ ಹಿಡಿದು ಹರಿಯುತ್ತದೆ. ಸಿಬ್ಬಂದಿ ಗಾಳಿ ಬೀಸಿ ಬರುವ ದಿಕ್ಕಿನಿಂದ, ಎತ್ತರದ ಕಡೆಯಿಂದ ಹತ್ತಿರ ಹೋಗುತ್ತಾರೆ. ನಮ್ಮಲ್ಲಿ ಹಗಲು ಕಡಲಗಾಳಿ, ರಾತ್ರಿ ನೆಲದ ಗಾಳಿ. ಸಂಜೆ ಸರಿಯಿದ್ದ ಜಾಗ ನಡುರಾತ್ರಿಗೆ ತಪ್ಪಾಗಬಹುದು. ಸೋರುವ ಬಾಯಲ್ಲಿ ಉರಿಯಿದ್ದರೆ, ಸೋರಿಕೆ ನಿಲ್ಲಿಸುವ ದಾರಿ ಸಿಗುವತನಕ ಆ ಉರಿಯನ್ನು ಆರಿಸುವುದಿಲ್ಲ. ಆರಿಸಿದರೆ ಸುಡದ ಅನಿಲ ಊರಿನೊಳಗೆ ಹಬ್ಬಿ, ಯಾರದೋ ಒಲೆಗೆ ತಾಗುತ್ತದೆ. ನೀರು ಹೊಡೆಯುವುದು ಟ್ಯಾಂಕಿನ ಮೈ ತಂಪಾಗಿರಲೆಂದು, ಅದರಲ್ಲೂ ಒಳಗೆ ದ್ರವ ಮುಟ್ಟದ ಮೇಲ್ಭಾಗಕ್ಕೆ; ಬಿಸಿಗೆ ಮೆತ್ತಗಾಗಿ ಮೊದಲು ಸೀಳುವುದು ಅಲ್ಲೇ. ದೂರ ನಿಂತು ನೋಡುವವರಿಗೆ ಇವರು ಬೆಂಕಿಯನ್ನು ಸುಮ್ಮನೆ ಬಿಟ್ಟಿದ್ದಾರೆ ಅನ್ನಿಸುತ್ತದೆ. ದಯವಿಟ್ಟು ಆಗ ಬೈಯಬೇಡಿ, ಹತ್ತಿರವೂ ಬರಬೇಡಿ.

ಇನ್ನು ಮನೆ. 2022ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಗ್ನಿಶಾಮಕರ ಕೆಲಸವನ್ನೇ ಕ್ಯಾನ್ಸರ್ ತರುವಂಥದ್ದೆಂದು ಮೊದಲ ಗುಂಪಿಗೆ ಸೇರಿಸಿತು. ಬಟ್ಟೆಗೆ, ಕುತ್ತಿಗೆಗೆ, ಉಗುರಿನ ಸಂದಿಗೆ ಅಂಟಿದ ಮಸಿಯಲ್ಲಿ ಆ ವಿಷವಿದೆ. ಹಾಗಾಗಿ ಮಸಿಯ ಸಮವಸ್ತ್ರ ಠಾಣೆಯಲ್ಲೇ ಬೇರೆಯಾಗಿ ತೊಳೆಯಬೇಕು, ಮನೆಯ ಬಟ್ಟೆಗಳ ಜೊತೆ ನೆನೆಸಬಾರದು. ಸೋಪು ಹಚ್ಚಿ ಮಿಂದ ಮೇಲೇ ಮಗುವನ್ನು ಎತ್ತಿಕೊಳ್ಳಬೇಕು. ಅಪ್ಪ ಬಂದನೆಂದು ಓಡಿ ಬಂದ ಮಗುವಿಗೆ ‘ತಡಿ ಮಗಾ, ಮಿಂದು ಬರ್ತೆ’ ಅನ್ನುವುದು ಅವನ ಪ್ರೀತಿಯೇ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಊರೆಲ್ಲ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತುವಾಗ ಈತ ಗಾಡಿಯ ಪಕ್ಕ ಕಾವಲಿರುತ್ತಾನೆ. ಜಾತ್ರೆ ತೋರಿಸಲು ಮಕ್ಕಳನ್ನು ಕರೆದೊಯ್ಯುವುದು ಅವರ ಅಮ್ಮನೋ ಅಜ್ಜನೋ.

ನಿಮ್ಮಿಂದ ಅವನಿಗೆ ಬೇಕಾದದ್ದು ಬಹಳ ಇಲ್ಲ. 101 ಅಥವಾ 112ಕ್ಕೆ ಕರೆ ಮಾಡಿದಾಗ ಊರು, ಕೇರಿ, ಹತ್ತಿರದ ಶಾಲೆಯೋ ಗುಡಿಯೋ ಹೇಳಿ. ಉರಿಯುತ್ತಿರುವುದು ಏನು, ಒಳಗೆ ಜನ, ದನ ಇದ್ದಾರೆಯೇ, ಗ್ಯಾಸ್ ಸಿಲಿಂಡರ್ ಇದೆಯೇ ಹೇಳಿ. ಅವರು ಇಡುವವರೆಗೆ ಫೋನ್ ಇಡಬೇಡಿ. ದಾರಿಯ ಸಂಕ ನೀರು ತುಂಬಿದ ಗಾಡಿಯ ಭಾರ ತಡೆಯದು ಎಂದಾದರೆ ಅದನ್ನೂ ಮೊದಲೇ ತಿಳಿಸಿ, ಅಷ್ಟುದ್ದದ ಹೋಸ್ ಜೋಡಿಸಿಕೊಂಡೇ ಬರುತ್ತಾರೆ. ತೋಟದ ದಣಪೆ ತೆಗೆದಿಡಿ, ಬೈಕುಗಳನ್ನು ದಾರಿಯಿಂದ ಸರಿಸಿ. ಒಬ್ಬರು ರಸ್ತೆಯ ತಿರುವಿಗೆ ಹೋಗಿ ನಿಲ್ಲಿ. ರಾತ್ರಿಯಾದರೆ ಕೈಯಲ್ಲೊಂದು ಟಾರ್ಚ್ ಇರಲಿ.

ನಮಸ್ಕಾರ.