ಸುಟ್ಟ ಕೈಗೆ ಮೊದಲು ನೀರು

ಮಂಡ್ಯದಲ್ಲಿ ಈ ಮಾತು ಆಡಲೇಬೇಕು ಅಂತ ಹಟ ಹಿಡಿದು ಬಂದಿದ್ದೇನೆ. ಆಲೆಮನೆ ಹೊಗೆ ಎದ್ದರೆ ಸುಟ್ಟಗಾಯದ ವಾರ್ಡಿಗೆ ಯಾರು ಬರ್ತಾರೆ ಅನ್ನೋದು ನಿಮಗೆಲ್ಲ ಗೊತ್ತು. ಬಿಸಿನೀರು ಬಿದ್ದರೆ ಮೈಮೇಲಿಂದ ಹರಿದು ಹೋಗುತ್ತೆ. ಹದಕ್ಕೆ ಬಂದ ಬೆಲ್ಲದ ಪಾಕ ಕುದಿಯೋ ನೀರಿಗಿಂತ ಬಿಸಿ, ಮೇಲೆ ಜಿಗುಟು. ಚರ್ಮ ಕಚ್ಚಿಕೊಂಡು ಸುಡ್ತಾನೇ ಇರುತ್ತೆ.

ಒಬ್ಬ ಹುಡುಗ. ಅಚ್ಚಿಗೆ ಬೆಲ್ಲ ಹುಯ್ಯುವಾಗ ಮೊಣಕೈವರೆಗೂ ಪಾಕ ಬಿತ್ತು. ಹತ್ತು ಮಾರು ದೂರದಲ್ಲಿ ಪಂಪ್‌ಸೆಟ್ ನೀರು ಧೋ ಅಂತ ಸುರೀತಿತ್ತು. ಅತ್ತ ಓಡಿದವನನ್ನು ನಾಲ್ಕು ಜನ ಹಿಡಿದು ನಿಲ್ಲಿಸಿದರು. "ನೀರು ಸೋಕಿಸಬ್ಯಾಡ ಕಣ್ಲಾ, ಬೊಬ್ಬೆ ಎದ್ಬುಡ್ತದೆ!" ಪಾಕ ಕೆರೆದು ತೆಗೆದರು, ಜೊತೆಗೆ ಚರ್ಮವೂ ಕಿತ್ತು ಬಂತು. ಒಬ್ಬರು ಸುಣ್ಣ ತಂದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ, ಯಾರೋ ಟೂತ್‌ಪೇಸ್ಟ್. ನಮ್ಮ ಮುಂದೆ ಬಂದಾಗ ಕೈಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು. ಎಷ್ಟು ಆಳ ಸುಟ್ಟಿದೆ ಅಂತ ನೋಡೋದಕ್ಕೂ ಮೊದಲು ಅದನ್ನು ತೊಳೀಬೇಕು. ಹುಡುಗ ಹಲ್ಲು ಕಚ್ಚಿಕೊಂಡು, "ನೀರು ಹಾಕಿ ಸಾ" ಅಂದ. ಕೊನೆಗೆ ತೊಡೆಯಿಂದ ಚರ್ಮ ತೆಗೆದು ಕೂರಿಸಬೇಕಾಯ್ತು. ಅವನನ್ನು ತಡೆದವರ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ಮಾಡಿಕೊಂಡು ಕರೆತಂದವರೂ ಅವರೇ, ರಾತ್ರಿಯೆಲ್ಲ ವಾರ್ಡಿನ ಹೊರಗೆ ಕೂತವರೂ ಅವರೇ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಡಗ್ಲಸ್ ಜಾಕ್ಸನ್ 1953ರಲ್ಲಿ ಸುಟ್ಟಗಾಯವನ್ನು ಮೂರು ವಲಯವಾಗಿ ಬಿಡಿಸಿ ತೋರಿಸಿದರು. ನಟ್ಟನಡುವಿನದು ಸತ್ತಿದೆ. ಅಂಚಿನದು ಕೆಂಪಾಗಿದೆ, ತಾನೇ ಉಳಿಯುತ್ತೆ. ಎರಡರ ಮಧ್ಯೆ ಒಂದಿದೆ ನೋಡಿ, ಅಲ್ಲಿ ರಕ್ತದ ಓಡಾಟ ನಿಧಾನವಾಗಿದೆ, ಜೀವ ಇನ್ನೂ ಇದೆ. ಒಂದೆರಡು ದಿನದಲ್ಲಿ ಉಳಿದರೂ ಉಳೀಬಹುದು, ಸತ್ತರೂ ಸಾಯಬಹುದು. ನಮ್ಮ ಸಂಶೋಧನೆ, ಔಷಧಿ, ಡ್ರೆಸಿಂಗ್ ಎಲ್ಲ ಹೋರಾಡೋದು ಈ ಮಧ್ಯದ ವಲಯಕ್ಕೆ. ಒಲೆ ಆರಿಸಿದ ಮೇಲೂ ಹಂಚಿನ ಮೇಲಿನ ರೊಟ್ಟಿ ಸೀಯುತ್ತಲ್ಲ, ಚರ್ಮದಲ್ಲಿ ನಿಂತ ಕಾವೂ ಹಾಗೇ ಒಳಗಿಳಿಯುತ್ತೆ. ಅದನ್ನು ತಡೆಯೋದು 20 ನಿಮಿಷ ಹರಿಯೋ ತಣ್ಣೀರು. ಸುಟ್ಟು ಮೂರು ಗಂಟೆಯೊಳಗೆ ಹಿಡಿದರೂ ಪ್ರಯೋಜನ ಇದೆ. ಪಾಕ ಕೆರೀಬೇಡಿ, ನೀರಿನಲ್ಲೇ ಕರಗಲಿ. ಐಸ್ ಬೇಡ. ಬಳೆ, ಉಂಗುರ ಊತ ಬರೋ ಮುಂಚೆ ಬಿಚ್ಚಿ. ಮಗುವಾದರೆ ಉಳಿದ ಮೈಗೆ ಹೊದಿಸಿ, ಚಳಿ ಹಿಡೀಬಾರದು. ಬೊಬ್ಬೆ ಏಳೋದು ಸುಟ್ಟಿದ್ದರಿಂದ. ನೀರಿನ ಮೇಲೆ ಆ ಅಪವಾದ ಹೊರಿಸಬೇಡಿ, ದಯವಿಟ್ಟು.

ಗಾಳಿ ಆಡಲಿ ಅಂತ ಕಟ್ಟು ಬಿಚ್ಚಿ ಬಿಡೋರೂ ಇದ್ದಾರೆ. ಜಾರ್ಜ್ ವಿಂಟರ್ ಅನ್ನೋ ಸಂಶೋಧಕರು 1962ರಲ್ಲಿ ಪ್ರಕಟಿಸಿದ ಪ್ರಯೋಗ ಹಂದಿಗಳ ಚರ್ಮದ ಮೇಲೆ ಮಾಡಿದ್ದು. ಪಾಲಿಥಿನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಒಣಗಿ ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರಡಿ ದಾರಿ ಕೊರೆದುಕೊಂಡು ಹೋಗಬೇಕು. ಅಲ್ಲೂ ಬೇಕಾದ್ದು ತೇವವೇ. ಇವತ್ತಿನ ಎಷ್ಟೋ ಡ್ರೆಸಿಂಗ್‌ಗಳ ಹಿಂದೆ ಈ ಕೆಲಸ ಇದೆ.

ಹೊತ್ತಾಯ್ತು ಅಂತ ಸಭೆಯ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸೋಂಕು, ಬಿಗಿದುಕೊಂಡ ಬೆರಳು, ವ್ಯಾಯಾಮ ಎಲ್ಲ ಬಿಡ್ತೀನಿ. ಚರ್ಮದಾನ ಒಂದು ಹೇಳಿಬಿಡ್ತೀನಿ: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿ ಇದೆ, ಅಂದರೆ ದಾನ ಬಂದ ಚರ್ಮ ಕಾಪಿಡೋ ಸ್ಕಿನ್ ಬ್ಯಾಂಕ್. ತೀರಿಕೊಂಡ ಆರು ಗಂಟೆಯೊಳಗೆ ತೊಡೆ, ಬೆನ್ನಿನಿಂದ ತೆಳುವಾದ ಪದರ ತೆಗೀತಾರೆ, ದೇಹ ವಿಕಾರ ಆಗಲ್ಲ. ಮನೇಲಿ ಮಾತಾಡಿ.

ಆಲೆಮನೆ ಯಜಮಾನರು ಮುಂದೆ ಬನ್ನಿ. ಕೊಪ್ಪರಿಗೆ ಪಕ್ಕ ಒಂದು ಡ್ರಮ್ ನೀರು, ಒಂದು ಪೈಪು ಇಡೋಕೆ ಏನು ತೊಂದರೆ ಇದೆ ಅಂತ ನೀವೇ ಹೇಳಿ, ಕೇಳಿಸ್ಕೋತೀನಿ.